ಪರದೆಯ ಅಕ್ಷರ ಕಣ್ಣಿಗೆ ಎಟುಕಲಿ

2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ತಾಲೂಕು ಕೇಂದ್ರಗಳಲ್ಲಿ ಗಣಕೀಕೃತ ಪಹಣಿ ನೀಡತೊಡಗಿದಾಗ ಒಂದು ಒಳ್ಳೆಯ ಏರ್ಪಾಡು ಮಾಡಲಾಗಿತ್ತು. ನೌಕರನ ಮುಂದಿನ ಪರದೆಯಲ್ಲದೆ, ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ. ತನ್ನ ದಾಖಲೆಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ರೈತನೂ ನೋಡಲಿ ಎಂಬುದು ಉದ್ದೇಶ. ಆದರೆ ಸಕಲೇಶಪುರದ ಕಾಫಿ ಬೆಳೆಗಾರನಿರಲಿ, ಆಲೂರಿನ ಗದ್ದೆಯ ರೈತನಿರಲಿ, ಸರ್ವೆ ನಂಬರಿನಲ್ಲಿರುವುದು 1 ಅಥವಾ 7 ಎಂದು ಗುರುತಿಸಲಾಗದಿದ್ದರೆ ಆ ಪರದೆ ಇದ್ದೂ ಇಲ್ಲದಂತೆ.

ಇದೇ ತೊಂದರೆ ಇನ್ನೂ ತೀವ್ರವಾಗಿ ಕಾಣುವುದು ಗಣಕದ ‘ಟರ್ಮಿನಲ್’ ಕಿಟಕಿಯಲ್ಲಿ. ಚಿತ್ರ, ಗುಂಡಿಗಳಿಲ್ಲದೆ ಬರೀ ಅಕ್ಷರಗಳಲ್ಲಿ ಆಜ್ಞೆ ಕೊಟ್ಟು ಉತ್ತರ ಪಡೆಯುವ ಕಿಟಕಿ ಇದು. ಹಾಸನದ ಎಂಜಿನಿಯರಿಂಗ್ ಕಾಲೇಜುಗಳಿಗೆ ಹೋಗುವ ನಮ್ಮ ಗುಡ್ಡಗಾಡಿನ ಮಕ್ಕಳು ಇದರಲ್ಲೇ ಪ್ರೋಗ್ರಾಮ್ ಕಲಿಯುತ್ತಾರೆ. ಇಲ್ಲಿ ಅಕ್ಷರದೋಷಕ್ಕೆ ಕ್ಷಮೆಯಿಲ್ಲ. ಲಿನಕ್ಸ್‌ನಲ್ಲಿ ಕಡತ ಅಳಿಸುವ ‘ಆರ್‌ಎಂ’ ಆಜ್ಞೆಯಲ್ಲಿ ನಕ್ಷತ್ರ ಚಿಹ್ನೆಯ ಪಕ್ಕ ಒಂದು ಖಾಲಿ ಜಾಗ ಹೆಚ್ಚಾದರೆ, ಒಂದೆರಡರ ಬದಲು ಆ ಕೋಶದ ಕಡತಗಳೆಲ್ಲ ಅಳಿಸಿಹೋಗಬಹುದು.

ಹಾಗಾದರೆ ಅಕ್ಷರ ಎಷ್ಟು ದೊಡ್ಡದಿರಬೇಕು? ಕಣ್ಣಿನ ಡಾಕ್ಟರರ ಫಲಕವನ್ನೇ ನೆನೆಯಿರಿ. 6 ಮೀಟರ್ ದೂರದಿಂದ ಸಾಮಾನ್ಯ ದೃಷ್ಟಿಯವರು ಓದಬೇಕಾದ ಅಕ್ಷರದ ಎತ್ತರ ಸುಮಾರು 9 ಮಿಲಿಮೀಟರ್. ಗಣಕದ ಪರದೆ ನಮ್ಮಿಂದ 60 ಸೆಂಟಿಮೀಟರ್ ದೂರದಲ್ಲಿದ್ದರೆ ಅದು ಹತ್ತನೇ ಒಂದು ಪಾಲು, ಅಂದರೆ 1 ಮಿಲಿಮೀಟರಿಗೂ ಕಡಿಮೆ. ಆದರೆ ಇದು ಕಣ್ಣಿನ ಕೊನೆಯ ಮಿತಿ. ಗಂಟೆಗಟ್ಟಲೆ ಆಯಾಸವಿಲ್ಲದೆ ಓದಲು ಅದರ ಎರಡೂವರೆ-ಮೂರು ಪಟ್ಟಾದರೂ ಬೇಕು. ನಲವತ್ತು ದಾಟಿ ಚಾಳೀಸು ಬಂದವರಲ್ಲಿ ಕಣ್ಣಿನ ಮಸೂರ ಗಡುಸಾಗಿ ಹತ್ತಿರದ್ದು ಮಸುಕಾಗುವುದರಿಂದ ಇನ್ನೂ ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದು.

ದೊಡ್ಡದು ಮಾಡುವುದು ಸುಲಭ. ಲಿನಕ್ಸ್‌ನ ಬಹುತೇಕ ಟರ್ಮಿನಲ್‌ಗಳಲ್ಲಿ ಕಂಟ್ರೋಲ್, ಶಿಫ್ಟ್ ಕೀಲಿಗಳೊಡನೆ ಪ್ಲಸ್ ಒತ್ತಿರಿ. ಕಂಟ್ರೋಲ್ ಮತ್ತು ಮೈನಸ್ ಒತ್ತಿದರೆ ಚಿಕ್ಕದು, ಕಂಟ್ರೋಲ್ ಮತ್ತು ಸೊನ್ನೆ ಒತ್ತಿದರೆ ಮೊದಲಿನಂತೆ. ಮ್ಯಾಕ್‌ನಲ್ಲಿ ಕಮಾಂಡ್ ಕೀಲಿಯೊಡನೆ ಪ್ಲಸ್. ಈ ಬದಲಾವಣೆ ಸಾಮಾನ್ಯವಾಗಿ ಆ ಕಿಟಕಿಗಷ್ಟೇ. ಕಾಯಂ ಆಗಿ ಉಳಿಯಬೇಕಾದರೆ ಟರ್ಮಿನಲ್‌ನ ಸೆಟ್ಟಿಂಗ್‌ಗೆ ಹೋಗಿ ಫಾಂಟ್ ಅಳತೆ ಬದಲಿಸಬೇಕು. ಇಡೀ ಪರದೆಯ ರೆಸಲ್ಯೂಷನ್ ಇಳಿಸುವ ದಾರಿ ಬೇಡ. ಅಕ್ಷರ ದೊಡ್ಡದಾದರೂ ಅಂಚು ಮಸುಕಾಗುತ್ತದೆ.

ಆದರೆ ಇದಕ್ಕೊಂದು ಬೆಲೆಯಿದೆ. ಟರ್ಮಿನಲ್ ಎಂದರೆ ಚೌಕುಳಿ ಹಾಳೆಯಿದ್ದಂತೆ. ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಮನೆ. ಸಾಲಿಗೆ 160ರಂತೆ 40 ಸಾಲು ಹಿಡಿಸುತ್ತಿದ್ದ ಕಿಟಕಿಯಲ್ಲಿ ಅಕ್ಷರದ ಅಳತೆ ಇಮ್ಮಡಿಸಿದರೆ, 80ರಂತೆ 20 ಸಾಲು ಮಾತ್ರ. ಅಂದರೆ ಕಾಲು ಭಾಗ. ಈ 80 ಹಳೆಯ ಲೆಕ್ಕ: ಐಬಿಎಂ ಕಂಪನಿಯ 1928ರ ರಂಧ್ರ ಕಾರ್ಡಿನಲ್ಲಿ 80 ಕಂಬಸಾಲುಗಳಿದ್ದವು, 1978ರ ವಿಟಿ-100 ಟರ್ಮಿನಲ್‌ನಲ್ಲೂ ಸಾಲಿಗೆ 80 ಅಕ್ಷರ. ಇಂದಿಗೂ ಅನೇಕ ಪ್ರೋಗ್ರಾಮ್‌ಗಳು ಅಷ್ಟು ಅಗಲವನ್ನು ನಿರೀಕ್ಷಿಸುತ್ತವೆ. ಆದ್ದರಿಂದ ಕಿಟಕಿಯನ್ನು ಪೂರ್ತಿ ಹಿಗ್ಗಿಸಿ, ಸಾಲಿಗೆ 80 ಉಳಿಯುವಷ್ಟು ಅಕ್ಷರ ಬೆಳೆಸುವುದು ಹದವಾದ ಮಾರ್ಗ.

ಗಾತ್ರವೊಂದೇ ಸಾಲದು. ಸೊನ್ನೆಗೂ ಇಂಗ್ಲಿಷಿನ ‘ಓ’ಗೂ, ಒಂದಕ್ಕೂ ‘ಎಲ್’ಗೂ ವ್ಯತ್ಯಾಸ ಕಾಣುವ, ಸೊನ್ನೆಯೊಳಗೆ ಗುರುತಿರುವ ಫಾಂಟ್ ಆರಿಸಿರಿ. ಕನ್ನಡಕ್ಕೆ ಇನ್ನೊಂದು ತೊಡಕು: ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಅಕ್ಷರಗಳ ಅಗಲವೂ ಒಂದೇ ಸಮನಲ್ಲ. ಇಂಗ್ಲಿಷಿಗಾಗಿ ಕೊರೆದ ಮನೆಯಲ್ಲಿ ಅದು ಇಕ್ಕಟ್ಟಾಗುತ್ತದೆ. ಸಾಲುಗಳ ನಡುವಿನ ಅಂತರ ಹೆಚ್ಚಿಸುವ ಸೌಲಭ್ಯವಿದ್ದರೆ ಬಳಸಿಕೊಳ್ಳಿ.

ಬೆಳಕನ್ನೂ ಗಮನಿಸಿ. ಮುಂಗಾರಿನ ಮೋಡ ಕವಿದ ಮಲೆನಾಡಿನ ಮನೆಯೊಳಗೆ ಬೆಳ್ಳನೆಯ ಹಿನ್ನೆಲೆ ಕಣ್ಣು ಕುಕ್ಕುತ್ತದೆ. ಪರದೆಯ ಪ್ರಖರತೆ ತಗ್ಗಿಸಿ. ಬೇಸಿಗೆಯ ಬಿಸಿಲಿನಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಕಿಟಕಿಯ ಪ್ರತಿಬಿಂಬ ಮೂಡುತ್ತದೆ. ಆಗ ಬಿಳಿಯ ಮೇಲೆ ಕಪ್ಪಕ್ಷರ ಲೇಸು. ಕಪ್ಪಿನ ಮೇಲೆ ಕಡುನೀಲಿ ಅಕ್ಷರ ಯಾವ ಕಾಲಕ್ಕೂ ಬೇಡ.

ದೂರದರ್ಶನದಲ್ಲಿ ಶೀರ್ಷಿಕೆ ಸಿದ್ಧಪಡಿಸುವಾಗ ನಾವು ಕುರ್ಚಿ ಹಿಂದಕ್ಕೆ ಸರಿಸಿ ನೋಡುತ್ತೇವೆ. ನೀವೂ ಹಾಗೆಯೇ ಬೆನ್ನು ಒರಗಿಸಿ ಕುಳಿತು ಓದಿ ನೋಡಿರಿ. ಮುಂದಕ್ಕೆ ಬಾಗಬೇಕೆನಿಸಿದರೆ ಅಕ್ಷರ ಇನ್ನೊಂದು ಮೆಟ್ಟಿಲು ಏರಲಿ. ಏರಿಸಿದರೂ ಮಸುಕೇ ಎಂದಾದರೆ ಕಣ್ಣಿನ ಡಾಕ್ಟರರನ್ನು ಕಾಣಿರಿ.