ಕಡಲ ಹೂವು

ಉಮರ್ಗಾ, ನಿಲಂಗಾ, ಉದಗೀರಗಳ ಸೀಮೆಯಿಂದ ಸಮುದ್ರವು 350 ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿದೆ. ಆದರೂ ಆ ತೀರಕ್ಕೂ ನಮ್ಮ ನೆಲಕ್ಕೂ ಒಂದು ನಂಟುಂಟು. ನಮ್ಮ ಹೊಲಗಳಲ್ಲಿ ಬಾವಿ ತೋಡುವಾಗ ಎರೆಮಣ್ಣಿನ ಕೆಳಗೆ ಸಿಕ್ಕುವ ಕರಿಕಲ್ಲು, ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಲಾವಾರಸವು ಆರಿ ಗಟ್ಟಿಯಾದುದು. ಅದೇ ಶಿಲಾರಾಶಿಯು ಪಶ್ಚಿಮಕ್ಕೆ ಹಬ್ಬಿ, ಮುಂಬಯಿಯಲ್ಲಿ ಕಡಲ ನೀರಿಗೆ ಇಳಿಯುತ್ತದೆ. ಅಲ್ಲಿ ಆ ಬಂಡೆಗಳ ಬಿರುಕುಗಳಲ್ಲಿ, ಹವಳದ ಗುಂಪುಗಳ ಆಸುಪಾಸಿನಲ್ಲಿ, ಹೆಬ್ಬೆರಳಿನ ಗಾತ್ರದ ಒಂದು ಚೆಲುವಾದ ಜೀವಿಯು ವಾಸಿಸುತ್ತದೆ. ಅದಕ್ಕೆ ಕಡಲ ಹೂವು ಎಂದು ಹೆಸರು.

ಹೆಸರು ಹೂವೆಂದಿದ್ದರೂ ಇದು ಹೂವಲ್ಲ. ಬೇಟೆಯಾಡಿ ಬದುಕುವ ಪ್ರಾಣಿ. ಹವಳದ ಹುಳುವೂ ಅಂಬಲಿ ಮೀನೂ ಇದರ ದಾಯಾದಿಗಳು. ಇದರ ದೇಹವು ಒಂದು ಮೆತ್ತನೆಯ ಕಂಬದಂತಿದೆ. ಬುಡದಲ್ಲಿರುವ ಬಿಲ್ಲೆಯಂತಹ ಪಾದದಿಂದ ಅದು ಬಂಡೆಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಮೇಲ್ತುದಿಯಲ್ಲಿ ಬಾಯಿ, ಬಾಯಿಯ ಸುತ್ತಲೂ ದಳಗಳಂತೆ ತೋರುವ ಕರಬಳ್ಳಿಗಳು. ಇದಕ್ಕೆ ಎಲುಬಿಲ್ಲ, ಮೆದುಳಿಲ್ಲ. ಮೈಯಲ್ಲೆಲ್ಲ ಹರಡಿದ ನರಗಳ ಬಲೆಯೊಂದೇ ಉಂಟು. ಆಹಾರವು ಒಳಹೋಗುವುದೂ ಕಸವು ಹೊರಬರುವುದೂ ಒಂದೇ ಬಾಯಿಂದ.

ಹಾಗಾದರೆ ನಿಂತಲ್ಲೇ ನಿಂತ ಈ ಪ್ರಾಣಿಯು ಬೇಟೆಯಾಡುವುದೆಂತು? ಕರಬಳ್ಳಿಗಳ ಮೇಲೆ ಸಾವಿರಾರು ಕುಟುಕು ಕಣಗಳಿವೆ. ಪ್ರತಿಯೊಂದರ ಒಳಗೂ ಸುರುಳಿ ಸುತ್ತಿದ ಅತಿ ಸೂಕ್ಷ್ಮವಾದ ಎಳೆಯೊಂದು ಅಡಗಿರುತ್ತದೆ. ಸಣ್ಣ ಸೀಗಡಿಯೋ ಮೀನಿನ ಮರಿಯೋ ತಗುಲಿದೊಡನೆ, ಕಣ್ಣು ರೆಪ್ಪೆ ಬಡಿಯುವುದಕ್ಕೂ ಮೊದಲೇ ಆ ಎಳೆಗಳು ಬಾಣಗಳಂತೆ ಚಿಮ್ಮಿ ವಿಷವನ್ನು ಚುಚ್ಚುತ್ತವೆ. ಬಳಿಕ ಕರಬಳ್ಳಿಗಳು ಮಿಡುಕಲಾರದ ಆ ಬೇಟೆಯನ್ನು ಬಾಯಿಗೆ ಸಾಗಿಸುತ್ತವೆ.

ತೀರದ ಬಂಡೆಯ ಬಾಳು ಸುಲಭವಾದುದಲ್ಲ. ಅಮಾವಾಸ್ಯೆ ಹುಣ್ಣಿಮೆಗಳ ಸಮಯದಲ್ಲಿ ಮುಂಬಯಿಯ ಕಡಲು 4 ಮೀಟರಿಗೂ ಹೆಚ್ಚು ಏರಿ ಇಳಿಯುವುದುಂಟು. ನೀರು ಇಳಿದಾಗ ಸುಡುವ ಬಿಸಿಲು. ಏರಿದಾಗ ಅಪ್ಪಳಿಸುವ ತೆರೆ. ನೀರು ಇಳಿಯುತ್ತಲೇ ಕಡಲ ಹೂವು ಕರಬಳ್ಳಿಗಳನ್ನೆಲ್ಲ ಒಳಗೆಳೆದುಕೊಂಡು, ಮೈಯಲ್ಲಿ ನೀರನ್ನು ಉಳಿಸಿಕೊಂಡು, ಲೋಳೆಯ ಮುದ್ದೆಯಂತೆ ಕುಳಿತುಬಿಡುತ್ತದೆ. ಕೆಲವು ಜಾತಿಗಳು ಚಿಪ್ಪಿನ ಚೂರು, ಮರಳಿನ ಕಣಗಳನ್ನು ಮೈಗೆ ಅಂಟಿಸಿಕೊಂಡು ಬಿಸಿಲಿನ ತಾಪವನ್ನು ತಡೆಯುತ್ತವೆ. ಮುಂಬಯಿಯ ಕಡಲ ಹೂವುಗಳನ್ನು ಕುರಿತು 1968ರಲ್ಲಿ ಪರುಳೇಕರ್ ಎಂಬ ವಿಜ್ಞಾನಿಗಳು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಲೇಖನವನ್ನು ಪ್ರಕಟಿಸಿದರು.

ಇದರ ಆಯುಸ್ಸೂ ಅಚ್ಚರಿಯದು. ಸ್ಕಾಟ್ಲೆಂಡಿನ ಜಾನ್ ಡಾಲ್ಯೆಲ್ ಎಂಬವರು 1828ರಲ್ಲಿ ಕಡಲ ತೀರದಿಂದ ಒಂದು ಕಡಲ ಹೂವನ್ನು ತಂದು ಗಾಜಿನ ಪಾತ್ರೆಯಲ್ಲಿ ಸಾಕಿದರು. ಜನರು ಅದನ್ನು ‘ಅಜ್ಜಿ’ ಎಂದು ಕರೆದರು. ಡಾಲ್ಯೆಲರು 1851ರಲ್ಲಿ ತೀರಿಕೊಂಡ ಮೇಲೂ ಅಜ್ಜಿಯು ಕೈಯಿಂದ ಕೈಗೆ ಸಾಗುತ್ತ ನೂರಾರು ಮರಿಗಳನ್ನು ಹಡೆದು, 1887ರಲ್ಲಿ ಕೊನೆಯುಸಿರೆಳೆಯಿತು. ಕೆಲವು ಜಾತಿಗಳು ಮೊಟ್ಟೆಯಿಂದ ಹುಟ್ಟಿದರೆ, ಮತ್ತೆ ಕೆಲವು ತಮ್ಮ ದೇಹವನ್ನೇ ಎರಡಾಗಿ ಸೀಳಿಕೊಂಡು ಇಬ್ಬರಾಗುತ್ತವೆ.

ಮಹಾರಾಷ್ಟ್ರದ ಮಾಲವಣ, ಉತ್ತರ ಕನ್ನಡ ಜಿಲ್ಲೆಯ ನೇತ್ರಾಣಿ ದ್ವೀಪಗಳ ಸುತ್ತ ಹವಳಗಳಿವೆ. ಲಕ್ಷದ್ವೀಪಗಳಂತೂ ಹವಳದಿಂದಲೇ ಆದ ದ್ವೀಪಗಳು. ಹವಳದ ದಿಬ್ಬಗಳಲ್ಲಿ ವಾಸಿಸುವ ಅನೇಕ ಕಡಲ ಹೂವುಗಳು ತಮ್ಮ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳಿಗೆ ಆಶ್ರಯವಿತ್ತಿವೆ. ಪಾಚಿಯು ಬಿಸಿಲನ್ನು ಹೀರಿ ಸಕ್ಕರೆಯನ್ನು ಸಿದ್ಧಪಡಿಸಿ ಅದರಲ್ಲಿ ಪಾಲು ಕೊಡುತ್ತದೆ. ಕಡಲ ಹೂವು ಅದಕ್ಕೆ ನೆಲೆಯನ್ನೂ ಪೋಷಕ ದ್ರವ್ಯವನ್ನೂ ಕೊಡುತ್ತದೆ. ದೊಡ್ಡ ಕಡಲ ಹೂವುಗಳ ಕರಬಳ್ಳಿಗಳ ನಡುವೆ ಕೋಡಂಗಿ ಮೀನು ಬಿಡಾರ ಹೂಡುತ್ತದೆ. ಮೈಯ ಮೇಲಿನ ಲೋಳೆಯ ಬಲದಿಂದ ಅದಕ್ಕೆ ಕುಟುಕಿನ ಬಾಧೆಯಿಲ್ಲ. ಕರಬಳ್ಳಿಗಳನ್ನು ಕಚ್ಚಿ ತಿನ್ನಲು ಬರುವ ಮೀನುಗಳನ್ನು ಓಡಿಸಿ, ಅದು ತನ್ನ ಬಾಡಿಗೆಯನ್ನು ಸಲ್ಲಿಸುತ್ತದೆ.

ಈ ಸ್ನೇಹವು ಬಹು ಕೋಮಲವಾದುದು. ನೀರಿನ ಶಾಖವು ಬೇಸಿಗೆಯ ವಾಡಿಕೆಯ ಮಟ್ಟಕ್ಕಿಂತ ಒಂದೆರಡು ಡಿಗ್ರಿ ಏರಿ ಕೆಲವು ವಾರಗಳು ಹಾಗೆಯೇ ನಿಂತರೆ ಸಾಕು, ಪಾಚಿಯು ಆಶ್ರಯವನ್ನು ಬಿಟ್ಟು ಹೋಗುತ್ತದೆ. ಆಗ ಹವಳವೂ ಕಡಲ ಹೂವೂ ಬಣ್ಣಗೆಟ್ಟು ಬಿಳಿಚಿಕೊಳ್ಳುತ್ತವೆ. ತಾಪವು ಬೇಗ ಇಳಿಯದಿದ್ದರೆ ಹಸಿವಿನಿಂದ ಸೊರಗಿ ಸಾಯುತ್ತವೆ. ಲಕ್ಷದ್ವೀಪದ ಹವಳಗಳಿಗೆ 1998, 2010 ಮತ್ತು 2016ರಲ್ಲಿ ಇಂಥ ದುರ್ದೆಸೆ ಒದಗಿತು. ಮೀನಿಗಾದರೋ ಬೇರೆ ಕಡೆಗೆ ಈಜಿ ಹೋಗಲು ಬರುತ್ತದೆ. ಬಂಡೆಯನ್ನು ಕಚ್ಚಿ ಹಿಡಿದು, ಬಹು ನಿಧಾನವಾಗಿ ಮಾತ್ರ ಸರಿಯಬಲ್ಲ ಜೀವಿಯು ಎಲ್ಲಿಗೆ ಹೋದೀತು? ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿ ನಾವು ವಾತಾವರಣಕ್ಕೆ ಸೇರಿಸುವ ಅನಿಲವೇ ಭೂಮಿಯನ್ನೂ ಕಡಲನ್ನೂ ಕಾಯಿಸುತ್ತಿದೆ ಎಂಬುದನ್ನು ವಿಜ್ಞಾನಿಗಳು ಖಚಿತಪಡಿಸಿದ್ದಾರೆ. ಆದುದರಿಂದ ಕಡಲಿನಿಂದ ದೂರವಿರುವ ನಮಗೂ ಈ ಮಾತು ಸಂಬಂಧಿಸಿದುದೇ ಆಗಿದೆ.

ವಿದ್ಯಾರ್ಥಿ ಮಿತ್ರರೇ, ನಮ್ಮ ಕಡೆಯ ಎಷ್ಟೋ ಮನೆತನಗಳ ಬಂಧುಗಳು ಮುಂಬಯಿಯಲ್ಲಿದ್ದಾರೆ. ಅಲ್ಲಿಗೆ ಹೋದಾಗ ಕಡಲು ಇಳಿಯುವ ವೇಳೆಯನ್ನು ತಿಳಿದುಕೊಂಡು, ಹಿರಿಯರ ಜೊತೆಯಲ್ಲಿ ಬಂಡೆಗಳ ಹೊಂಡಗಳ ಬಳಿ ಕುಳಿತು ನೋಡಿರಿ. ಕಡಲ ಹೂವನ್ನು ಕಿತ್ತು ತೆಗೆಯಬೇಡಿರಿ. ಕಿತ್ತರೆ ಅದರ ಪಾದವು ಹರಿಯುತ್ತದೆ. ಹೊರಳಿಸಿದ ಕಲ್ಲನ್ನು ಮೊದಲಿನಂತೆಯೇ ಇಡಿರಿ. ನೀರು ಮರಳಿ ಬರುವಾಗ ಆ ಮುದ್ದೆಯು ಮೆಲ್ಲನೆ ಅರಳುವುದನ್ನು ಒಮ್ಮೆ ಕಂಡವರು ಅದನ್ನು ಮರೆಯಲಾರರು.