ಹಳೆಯ ಕಾರುಗಳ ಮುಂಚಕ್ರದ ಡಿಸ್ಕ್ ಬ್ರೇಕ್ ಕ್ಯಾಲಿಪರ್ ಬದಲಾವಣೆ: ವಾಹನ ಮಾಲೀಕರ ಗಮನಕ್ಕೆ

ಕೂಡ್ಲಿಗಿ ತಾಲ್ಲೂಕಿನ ಕಾನಹೊಸಹಳ್ಳಿಯು ಹೊಸಪೇಟೆ ಮತ್ತು ಚಿತ್ರದುರ್ಗಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 50ರ ಮೇಲಿದೆ. ಭಾರಿ ಸರಕು ವಾಹನಗಳು ವೇಗವಾಗಿ ಸಂಚರಿಸುವ ಇಂತಹ ರಸ್ತೆಯಲ್ಲಿ ಹಳೆಯ ಕಾರಿನ ಬ್ರೇಕು ಸಮರ್ಪಕವಾಗಿರುವುದು ಅತ್ಯಗತ್ಯ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಕಾಂಟೆಸ್ಸಾ ಮುಂತಾದ ಹಳೆಯ ಶಕ್ತಿಶಾಲಿ ಕಾರುಗಳನ್ನು ಹೊಂದಿರುವ ಮಾಲೀಕರು ಬ್ರೇಕ್ ಬದಲಾವಣೆಗೆ ಮುನ್ನ ತಿಳಿದಿರಬೇಕಾದ ತಾಂತ್ರಿಕ ಹಾಗೂ ಕಾನೂನು ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಬದಲಾವಣೆಯ ಅಗತ್ಯ

ಬ್ರೇಕಿನ ಕೆಲಸವೆಂದರೆ ವಾಹನದ ಚಲನಶಕ್ತಿಯನ್ನು ಶಾಖವಾಗಿ ಪರಿವರ್ತಿಸುವುದು. ವೇಗವು ಎರಡರಷ್ಟಾದರೆ ಈ ಶಕ್ತಿಯು ನಾಲ್ಕರಷ್ಟಾಗುತ್ತದೆ. 1,200 ಕಿಲೋಗ್ರಾಂ ತೂಕದ ಕಾರು ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದಾಗ ಸುಮಾರು 74 ಕಿಲೋಜೌಲ್ ಶಕ್ತಿ ಇರುತ್ತದೆ, 80 ಕಿ.ಮೀ. ವೇಗದಲ್ಲಿ ಅದು ಸುಮಾರು 296 ಕಿಲೋಜೌಲ್ ಆಗುತ್ತದೆ. ಬ್ರೇಕ್ ಹಾಕಿದಾಗ ಕಾರಿನ ಭಾರವು ಮುಂದಕ್ಕೆ ವಾಲುವುದರಿಂದ ಈ ಶಾಖದ ಹೆಚ್ಚಿನ ಪಾಲನ್ನು ಮುಂಚಕ್ರದ ಬ್ರೇಕುಗಳೇ ಹೊರುತ್ತವೆ. ಸತತ ಬಳಕೆಯಿಂದ ಪ್ಯಾಡುಗಳು ಅತಿಯಾಗಿ ಕಾದರೆ ಹಿಡಿತ ಕುಗ್ಗುತ್ತದೆ.

ಆದರೆ ಕಾರು ನಿಲ್ಲುವ ದೂರವನ್ನು ಕೊನೆಗೆ ನಿರ್ಧರಿಸುವುದು ಟೈರು ಮತ್ತು ರಸ್ತೆಯ ನಡುವಿನ ಹಿಡಿತ. ಆದುದರಿಂದ ಸವೆದ ಡಿಸ್ಕ್, ಗಟ್ಟಿಯಾದ ರಬ್ಬರ್ ಕೊಳವೆ, ತುಕ್ಕು ಹಿಡಿದ ಪಿಸ್ಟನ್ ಹಾಗೂ ಹಳೆಯ ಟೈರುಗಳನ್ನು ಮೊದಲು ಸರಿಪಡಿಸತಕ್ಕದ್ದು. ಬಹಳಷ್ಟು ಸಂದರ್ಭಗಳಲ್ಲಿ ಮೂಲ ಬ್ರೇಕನ್ನು ಸುಸ್ಥಿತಿಗೆ ತಂದರೆ ಸಾಕಾಗುತ್ತದೆ.

2. ಗಮನಿಸಬೇಕಾದ ತಾಂತ್ರಿಕ ಅಂಶಗಳು

ಅ) ಮಾಸ್ಟರ್ ಸಿಲಿಂಡರ್: 48 ಮಿ.ಮೀ. ವ್ಯಾಸದ ಪಿಸ್ಟನ್ ಬದಲಿಗೆ 54 ಮಿ.ಮೀ. ವ್ಯಾಸದ ಪಿಸ್ಟನ್ ಇರುವ ಕ್ಯಾಲಿಪರ್ ಅಳವಡಿಸಿದಲ್ಲಿ ಪಿಸ್ಟನ್ನಿನ ವಿಸ್ತೀರ್ಣವು ಸುಮಾರು ಶೇ. 27ರಷ್ಟು ಹೆಚ್ಚುತ್ತದೆ. ಅದನ್ನು ಅಷ್ಟೇ ದೂರ ಸರಿಸಲು ಅಷ್ಟೇ ಪ್ರಮಾಣದಲ್ಲಿ ಹೆಚ್ಚು ದ್ರವ ಬೇಕು. ಮಾಸ್ಟರ್ ಸಿಲಿಂಡರ್ ಹಳೆಯದೇ ಇದ್ದರೆ ಪೆಡಲ್ ಹೆಚ್ಚು ಕೆಳಗಿಳಿಯುತ್ತದೆ. ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಿ ಆಯ್ಕೆ ಮಾಡತಕ್ಕದ್ದು.

ಆ) ಡ್ರಮ್‌ನಿಂದ ಡಿಸ್ಕ್‌ಗೆ: ಪ್ರೀಮಿಯರ್ ಪದ್ಮಿನಿಯಂತಹ ಕಾರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕುಗಳಿದ್ದವು. ಡ್ರಮ್ ವ್ಯವಸ್ಥೆಯ ಕೊಳವೆಯಲ್ಲಿ ಸ್ವಲ್ಪ ಒತ್ತಡವನ್ನು ಉಳಿಸುವ ಕವಾಟ ಇದ್ದಲ್ಲಿ, ಡಿಸ್ಕ್ ಅಳವಡಿಸುವಾಗ ಅದನ್ನು ಮುಂಚಕ್ರದ ಮಾರ್ಗದಿಂದ ತೆಗೆಯಬೇಕು. ಇಲ್ಲವಾದರೆ ಪ್ಯಾಡುಗಳು ಡಿಸ್ಕಿಗೆ ಸದಾ ಉಜ್ಜಿ ಕಾಯುತ್ತವೆ.

ಇ) ಎರಡು ಮಾರ್ಗದ ವ್ಯವಸ್ಥೆ: ಒಂದೇ ಮಾರ್ಗದ ಮಾಸ್ಟರ್ ಸಿಲಿಂಡರ್ ಇರುವ ಕಾರಿನಲ್ಲಿ ಒಂದು ಕೊಳವೆ ಸೋರಿದರೂ ನಾಲ್ಕೂ ಚಕ್ರಗಳ ಪೆಡಲ್ ಬ್ರೇಕು ಕೆಲಸ ಮಾಡುವುದಿಲ್ಲ. ಇಂತಹ ಕಾರಿಗೆ ದೊಡ್ಡ ಕ್ಯಾಲಿಪರ್‌ಗಿಂತ ಎರಡು ಮಾರ್ಗದ ವ್ಯವಸ್ಥೆಯೇ ಹೆಚ್ಚು ರಕ್ಷಣೆ ನೀಡುತ್ತದೆ.

ಈ) ಜೋಡಣೆ: ಗಾಳಿ ತೆಗೆಯುವ ತಿರುಪು ಕ್ಯಾಲಿಪರಿನ ಮೇಲ್ತುದಿಯಲ್ಲಿರಬೇಕು. ಎಡ ಮತ್ತು ಬಲ ಕ್ಯಾಲಿಪರುಗಳನ್ನು ಅದಲುಬದಲು ಮಾಡಿದರೆ ಅದು ಕೆಳಕ್ಕೆ ಬಂದು ಗಾಳಿ ಒಳಗೇ ಉಳಿಯುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಕ್ಯಾಲಿಪರು ಚಕ್ರದ ರಿಮ್ಮಿಗೆ ತಾಗದಂತೆಯೂ, ಚಕ್ರ ಪೂರ್ಣ ತಿರುಗಿದಾಗ ಕೊಳವೆ ಎಳೆಯದಂತೆಯೂ ಪರಿಶೀಲಿಸತಕ್ಕದ್ದು.

ಉ) ಬ್ರೇಕ್ ದ್ರವ: ಹೊಸ ಡಾಟ್ 3 ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಡಾಟ್ 4 ದ್ರವದ್ದು 230 ಡಿಗ್ರಿ. ಇವು ತೇವಾಂಶ ಹೀರುವುದರಿಂದ ಕುದಿಬಿಂದು ಕ್ರಮೇಣ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಸೂಕ್ತ. ಸಿಲಿಕೋನ್ ಆಧಾರಿತ ಡಾಟ್ 5 ದ್ರವವನ್ನು ಇವುಗಳೊಂದಿಗೆ ಬೆರೆಸಬಾರದು.

3. ಕಾನೂನಿನ ಅಂಶಗಳು

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಮಾನ್ಯ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಿಂದ ಬದಲಾದ ಕಲಂ 182ಎ ಮೇರೆಗೆ, ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ.ಗಳ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ತಯಾರಕರು ಅದೇ ಮಾದರಿಗೆ ನೀಡಿದ್ದ ಅಳತೆಯ ಕ್ಯಾಲಿಪರನ್ನು ಮರುಜೋಡಿಸುವುದು ದುರಸ್ತಿಯ ಕೆಲಸ. ಬೇರೆ ಮಾದರಿಯ ಕ್ಯಾಲಿಪರ್, ಡಿಸ್ಕ್ ಅಥವಾ ಚಕ್ರಗಳನ್ನು ಅಳವಡಿಸುವ ಉದ್ದೇಶವಿದ್ದಲ್ಲಿ, ಕೆಲಸ ಆರಂಭಿಸುವ ಮೊದಲೇ ನೋಂದಣಿ ಪ್ರಾಧಿಕಾರಕ್ಕೆ ಲಿಖಿತವಾಗಿ ತಿಳಿಸಿ ಸ್ಪಷ್ಟನೆ ಪಡೆಯುವುದು ಕ್ಷೇಮಕರ. ವಿಮಾ ಸಂಸ್ಥೆಗೂ ಮಾಹಿತಿ ನೀಡತಕ್ಕದ್ದು. ತಿಳಿಸದ ಮಾರ್ಪಾಡು ಅಪಘಾತದ ನಂತರ ಪರಿಹಾರದ ವಿವಾದಕ್ಕೆ ಕಾರಣವಾಗಬಹುದು.

4. ನೋಂದಣಿ ನವೀಕರಣ

ಸಾರಿಗೇತರ ವಾಹನದ ನೋಂದಣಿಯು 15 ವರ್ಷಗಳವರೆಗೆ ಸಿಂಧುವಾಗಿರುತ್ತದೆ. ನಂತರ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸಿ, 5 ವರ್ಷಗಳ ಅವಧಿಗೆ ನವೀಕರಿಸಿಕೊಳ್ಳಬಹುದು. ಹೊಸಪೇಟೆಯ ಕಚೇರಿಯ ನೋಂದಣಿ ಸಂಕೇತವು ಕೆಎ-35. ಹರಪನಹಳ್ಳಿ ತಾಲ್ಲೂಕು ಹಿಂದೆ ದಾವಣಗೆರೆ ಜಿಲ್ಲೆಯಲ್ಲಿದ್ದುದರಿಂದ ಅಲ್ಲಿನ ಹಳೆಯ ವಾಹನಗಳಲ್ಲಿ ಕೆಎ-17 ಸಂಕೇತ ಇರಬಹುದು.

5. ವಿಂಟೇಜ್ ವಾಹನಗಳು

2021ರಲ್ಲಿ ಹೊರಡಿಸಿದ ಕೇಂದ್ರ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿರುವ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳು ವಿಂಟೇಜ್ ನೋಂದಣಿಗೆ ಅರ್ಹ. ಚಾಸಿಸ್, ಬಾಡಿ ಅಥವಾ ಇಂಜಿನ್‌ನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಇಂತಹ ವಾಹನಗಳನ್ನು ರಸ್ತೆಯಲ್ಲಿ ನಿತ್ಯ ಬಳಕೆಗೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಓಡಿಸುವಂತಿಲ್ಲ. ಮುಂದೆ ಈ ನೋಂದಣಿ ಪಡೆಯಲಿಚ್ಛಿಸುವವರು ಬ್ರೇಕ್ ಬದಲಿಸಿದರೂ ತೆಗೆದ ಮೂಲ ಭಾಗಗಳನ್ನು ಜೋಪಾನವಾಗಿ ಇರಿಸಿಕೊಳ್ಳುವುದು ಒಳಿತು.

ವಿಶೇಷ ಸೂಚನೆ: ಕೆಲಸ ಪೂರ್ಣಗೊಂಡ ನಂತರ ನಿರ್ಜನವಾದ ಸಮತಟ್ಟು ಜಾಗದಲ್ಲಿ ಕಡಿಮೆ ವೇಗದಲ್ಲಿ ಹಲವು ಬಾರಿ ಬ್ರೇಕ್ ಪರೀಕ್ಷಿಸತಕ್ಕದ್ದು. ಕಾರು ಒಂದು ಪಕ್ಕಕ್ಕೆ ಎಳೆದರೆ, ಪೆಡಲ್ ಮೆತ್ತಗಿದ್ದರೆ ಅಥವಾ ದ್ರವದ ಮಟ್ಟ ಇಳಿದರೆ, ದೋಷ ಸರಿಪಡಿಸುವವರೆಗೆ ವಾಹನವನ್ನು ಹೆದ್ದಾರಿಗೆ ಒಯ್ಯಬಾರದು.