ಮಕ್ಕಳ ಮೊಬೈಲ್: ಅನಾಹುತವಾದರೆ ಶಾಲೆ, ಹೆತ್ತವರು ಮಾಡಬೇಕಾದುದೇನು?

ಮಕ್ಕಳ ಮೊಬೈಲ್‌ಗೆ ಬೀಗ ಹಾಕುವ ಗೂಗಲ್ ಫ್ಯಾಮಿಲಿ ಲಿಂಕ್‌ನಂತಹ ಸೌಲಭ್ಯಗಳನ್ನು ಹೆತ್ತವರು ಅವಶ್ಯ ಬಳಸಲಿ. ಆದರೆ ಪಕ್ಕದ ಬೆಂಚಿನ ಗೆಳೆಯನ ಮೊಬೈಲ್‌ಗೆ ಆ ಬೀಗ ಇರುವುದಿಲ್ಲ.

ವಿದ್ಯಾರ್ಥಿನಿಯೊಬ್ಬಳ ನಗ್ನಚಿತ್ರ ತರಗತಿಯಲ್ಲಿ ಹರಿದಾಡುತ್ತಿದೆ ಎಂದಿಟ್ಟುಕೊಳ್ಳೋಣ. ಶಾಲೆಯ ಹೆಸರು ಕೆಡಬಾರದೆಂದು ಹೆತ್ತವರನ್ನು ಕರೆಸಿ, ತಪ್ಪೊಪ್ಪಿಗೆ ಪತ್ರ ಬರೆಸಿ ಮುಗಿಸುವುದುಂಟು. ಹಾಗೆ ಮುಗಿಸುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದವರು, ಮುಖ್ಯೋಪಾಧ್ಯಾಯರಿರಲಿ, ಧರ್ಮಗುರುಗಳಿರಲಿ, ವಾಳೆಯ ಗುರಿಕಾರರಿರಲಿ, ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದ ವಯಸ್ಕರಿಗೆ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಕೈಕೆಳಗಿನ ಸಿಬ್ಬಂದಿಯ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ. ಚಿತ್ರ ಹಂಚಿದವನು ಬಾಲಕನಾಗಿದ್ದರೆ ಪ್ರಕರಣ ಬಾಲನ್ಯಾಯ ಮಂಡಳಿಯ ಮುಂದೆ ಬರುತ್ತದೆ. ಮಕ್ಕಳ ಸಹಾಯವಾಣಿ 1098.

'ಎಚ್ಚರಿಕೆಗಾಗಿ' ಎಂದು ಅದೇ ಚಿತ್ರವನ್ನು ವಾಟ್ಸಾಪ್ ಗುಂಪಿಗೆ ಹಾಕುವ ಹಿರಿಯರೂ ಇದ್ದಾರೆ! ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಅಡಿ ಇದಕ್ಕೆ 5 ವರ್ಷಗಳವರೆಗೆ ಜೈಲು ಇದೆ.

ಚಿತ್ರವನ್ನು ಅಂತರ್ಜಾಲದಿಂದ ತೆಗೆಸಲು 2023ರಲ್ಲಿ ಅಮೆರಿಕದಲ್ಲಿ ಆರಂಭವಾದ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯಿದೆ. ಚಿತ್ರವನ್ನು ಯಾರಿಗೂ ಕಳುಹಿಸಬೇಕಾಗಿಲ್ಲ. ಮೊಬೈಲ್‌ನಲ್ಲೇ ಅದಕ್ಕೊಂದು ಸಂಕೇತ ತಯಾರಾಗಿ, ಆ ಸಂಕೇತ ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಅದಕ್ಕೆ ಹೊಂದುವ ಚಿತ್ರವನ್ನು ಹುಡುಕಿ ತೆಗೆಯುತ್ತವೆ. ವಾಟ್ಸಾಪ್‌ನಲ್ಲಿ ಹರಡಿದ್ದಕ್ಕೆ ಇದರಿಂದ ಪ್ರಯೋಜನವಿಲ್ಲ.

ಮಗಳನ್ನು ಠಾಣೆಗೆ ಕರೆದೊಯ್ಯಬೇಕೆಂಬ ಭಯದಿಂದಲೇ ಅನೇಕ ಹೆತ್ತವರು ಸುಮ್ಮನಾಗುತ್ತಾರೆ. ಆದರೆ ಪೋಕ್ಸೊ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು. ಬರುವ ಅಧಿಕಾರಿ ಸಮವಸ್ತ್ರದಲ್ಲಿ ಇರುವಂತಿಲ್ಲ.